ಹೊರಗಿನ ಕರೆಂಟು, ಒಳಗಿನ ಕರೆಂಟು

ನಮ್ಮ ಗದಗಿನ ಕಡೆ ವಿಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಗರ್ಭಕೊರಳಿನ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ ನಾನು ಎರಡೂ ಬಗೆಯದನ್ನು ತೆಗೆದುಕೊಂಡವಳು: ಹೊರಗಿನಿಂದ 25 ಸಲ, ಒಳಗಿನಿಂದ 3 ಸಲ. ಒಳಗಿನದನ್ನು ತಪ್ಪಿಸಿಕೊಳ್ಳಲು ಮೊದಲು ಬಹಳ ಒದ್ದಾಡಿದ್ದೆ. ಈಗ ಕೇಳಿದರೆ ಅದೇ ವಾಸಿ ಎನ್ನುತ್ತೇನೆ.

ಹೊರಗಿನದರಲ್ಲಿ ಮೊದಲ ದಿನ ಏನೂ ಅನ್ನಿಸಲಿಲ್ಲ. ಹೊಟ್ಟೆಯ ಮೇಲೆ ಶಾಯಿಯ ಗುರುತು ಹಾಕಿದರು, ಮಲಗಿಸಿದರು, ಯಂತ್ರ ಸುತ್ತಲೂ ತಿರುಗಿತು, ಮುಗಿಯಿತು. ಅದೂ ಎಕ್ಸ್‌ರೇಯೇ, ಕಾಲು ಮುರಿದಾಗ ತೆಗೆಯುವುದಕ್ಕಿಂತ ಎಷ್ಟೋ ಪಾಲು ಬಲವಾದದ್ದು. ನಿಜವಾದ ಕಷ್ಟ ನೀರಿನದು. ಮೂತ್ರಕೋಶ ತುಂಬಿದ್ದರೆ ಕರುಳು ಕಿರಣದ ದಾರಿಯಿಂದ ಮೇಲೆ ಸರಿಯುತ್ತದೆಂದು ಮೊದಲೇ ಕುಡಿಸಿ ಕೂರಿಸುತ್ತಾರೆ. ಒಂದು ದಿನ ಯಂತ್ರ ಕೆಟ್ಟಿತು. ತುಂಬಿದ ಕೊಡಗಳಂತೆ ಕೂತಿದ್ದ ಐದಾರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದೆವು, ನಗಲೂ ಹೆದರಿಕೆ.

ಎಷ್ಟು ನೀರು ಕುಡಿದರೂ ಕರುಳಿಗೆ ಪೂರ್ತಿ ರಕ್ಷಣೆಯಿಲ್ಲ. ಕಿರಣ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಗೆ ಹೊರಡುವಾಗ ನಡುವೆ ಇದ್ದುದನ್ನೆಲ್ಲ ಮುಟ್ಟಿ ಹೋಗುತ್ತದೆ. ಮೂರನೆಯ ವಾರಕ್ಕೆ ಭೇದಿ ಹಿಡಿಯಿತು. ರೊಟ್ಟಿ, ಕೆಂಪು ಚಟ್ನಿ ಬಿಟ್ಟು ಮೊಸರನ್ನಕ್ಕೆ ಇಳಿದೆ. ಗದಗಿನ ಬಸ್ಸು ಹತ್ತುವುದೇ ಬೇಡವೆನಿಸುವಷ್ಟು ಸುಸ್ತು.

‘ಇಷ್ಟೇ ಸಾಕಲ್ಲವೇ ಡಾಕ್ಟರೇ?’ ಎಂದೆ. ಗಡ್ಡೆಗೆ ಬೇಕಾದಷ್ಟನ್ನೂ ಹೊರಗಿನಿಂದಲೇ ಕೊಡಹೋದರೆ ಕರುಳು ಸುಡುತ್ತದೆ ಎಂದರು.

ಒಳಗಿನದಕ್ಕೆ ಅರಿವಳಿಕೆ ಕೊಟ್ಟು, ಗರ್ಭಕೋಶದೊಳಗೆ ಲೋಹದ ನಳಿಕೆ ಕೂರಿಸಿ, ಸುತ್ತ ಗಾಜ್ ಬಟ್ಟೆ ತುರುಕುತ್ತಾರೆ. ಅಲುಗಾಡುವಂತಿಲ್ಲ. ಸೊಂಟ ಹಿಡಿದದ್ದು ಸುಳ್ಳಲ್ಲ. ನಳಿಕೆ ತೆಗೆಯುವಾಗ ನರ್ಸಮ್ಮನ ಕೈಯನ್ನು ಉಗುರು ನಾಟುವಂತೆ ಹಿಡಿದಿದ್ದೆ. ಅಕ್ಕಿಕಾಳಿಗಿಂತ ಚಿಕ್ಕದಾದ, ಇರಿಡಿಯಂ-192 ಎಂಬ ವಿಕಿರಣ ಸೂಸುವ ಲೋಹದ ತುಣುಕು ತಂತಿಯ ತುದಿಯಲ್ಲಿ ಬಂದು, ಗಡ್ಡೆಯ ಮಗ್ಗುಲಲ್ಲೇ ನಿಂತು ಗಾಮಾ ಕಿರಣ ಸುರಿದು, ತನ್ನ ಪೆಟ್ಟಿಗೆಗೆ ಮರಳುತ್ತದೆ. ದೂರ ಎರಡು ಪಟ್ಟಾದರೆ ಕಿರಣದ ಪೆಟ್ಟು ಸುಮಾರು ಕಾಲು ಭಾಗಕ್ಕೆ ಇಳಿಯುವುದರಿಂದ ಕರುಳಿಗೆ ತಗಲುವುದು ಕಡಿಮೆ. ಮೊದಲ ಸಲ 13 ನಿಮಿಷ ಹಿಡಿದದ್ದು ಮೂರನೆಯ ಸಲ ಆರೇ ನಿಮಿಷ. ಇರಿಡಿಯಂನ ಬಲ ಸುಮಾರು 74 ದಿನಕ್ಕೆ ಅರ್ಧವಾಗುತ್ತದಂತೆ. ನಡುವೆ ಹೊಸದು ಬಂದಿತ್ತು. ಮರುದಿನ ಮನೆಯಲ್ಲಿ ನಾನೇ ಚಹಾ ಮಾಡಿಕೊಂಡೆ. ಹೊರಗಿನದು ಮುಗಿದ ಮೇಲೂ ಎರಡು ವಾರ ಕಾಡಿತ್ತು.

ಪಕ್ಕದ ಮನೆಯ ಕಾಕು ಮೊಮ್ಮಗನನ್ನು ನನ್ನ ಹತ್ತಿರ ಬಿಡುತ್ತಿರಲಿಲ್ಲ. ಥೈರಾಯ್ಡಿಗೆ ಅಯೋಡಿನ್-131 ಎಂಬ ವಿಕಿರಣ ಸೂಸುವ ಔಷಧ ನುಂಗಿದವರು ಕೆಲವು ದಿನ ಮಕ್ಕಳಿಂದ ದೂರವಿರಬೇಕು; ಅದರ ಬೀಟಾ ಕಣ ಗ್ರಂಥಿಯೊಳಗೇ ಕೆಲಸ ಮಾಡಿದರೂ ಗಾಮಾ ಕಿರಣ ಮೈಯಿಂದ ಹೊರಬರುತ್ತದೆ. ನನ್ನ ಎರಡೂ ಚಿಕಿತ್ಸೆಗಳಲ್ಲಿ ಮೈಯೊಳಗೆ ಏನೂ ಉಳಿಯುವುದಿಲ್ಲ ಎಂದು ಕಾಕುವಿಗೆ ಬಿಡಿಸಿ ಹೇಳುತ್ತಿದ್ದೆ. ಹುಡುಗ ಅಷ್ಟರಲ್ಲಿ ನನ್ನ ಚೀಲದೊಳಗೆ ಕೈ ಹಾಕಿದ್ದ.