ಏರ್ ಫ್ರೈಯರ್: ಫ್ರೋಜನ್ ಫ್ರೈಸ್‌ಗೆ ಸೈ, ಐದು ಜನರ ಮನೆಗೆ ಸಾಲದು

ಬಿಸಿಗಾಳಿಯಲ್ಲೇ ಕರಿದಂತೆ ಬೇಯಿಸುವ ನಾಲ್ಕು ಲೀಟರಿನ ಏರ್ ಫ್ರೈಯರ್ ನಮ್ಮ ಅಡುಗೆಮನೆಗೆ ಬಂದು ಎರಡು ಮಳೆಗಾಲ ಕಳೆಯಿತು. ಬಟನ್ನು, ಬಣ್ಣ, ಆ್ಯಪಿನ ವಿಚಾರ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ಮಾತು ಫ್ರೋಜನ್ ಫ್ರೈಸ್, ನಗುಮುಖದ ಆಕಾರದ ಆಲೂ ಸ್ಮೈಲಿ, ಆಲೂ ಟಿಕ್ಕಿಗಳ ಬಗ್ಗೆ ಮಾತ್ರ. ನಮ್ಮನೆಯಲ್ಲಿ ಇದು ಓಡುವುದೇ ಅವಕ್ಕೆ.

ಹಾಸನದಲ್ಲಿ ಮಳೆ ಹಿಡಿದ ದಿನ ಮಕ್ಕಳು ಸ್ಕೂಲಿಂದ ಬರುವ ಹೊತ್ತಿಗೆ ಖಾಲಿ ಬುಟ್ಟಿಯನ್ನು 200 ಡಿಗ್ರಿಗೆ ಬಿಸಿಯಾಗಲು ಬಿಡುತ್ತೇನೆ. ಪ್ಯಾಕೆಟ್ ಫ್ರೀಜರಿನಿಂದ ಈಚೆ ಬರುವುದು ಆಮೇಲೆ. ಕರಗಿದರೆ ಕೆಟ್ಟಿತು, ಕಲ್ಲಿನಂತಿರುವಾಗಲೇ ಸುರಿಯಬೇಕು. ಬಿಸಿ ಬುಟ್ಟಿಗೆ ಅವು ಟಣಟಣ ಬೀಳುವ ಸದ್ದಿಗೇ ಚಿಕ್ಕವನು ಓಡಿ ಬರುತ್ತಾನೆ. ಅರ್ಧ ಹೊತ್ತಿಗೆ ಬುಟ್ಟಿ ಎಳೆದು ಚೆನ್ನಾಗಿ ಕೊಡವುತ್ತೇನೆ. ಸ್ಮೈಲಿಗಳನ್ನು ಕೊಡವಿದರೆ ಅಂಚು ಮುರಿಯುತ್ತದೆ, ಅವನ್ನು ಚಿಮಟದಲ್ಲಿ ಒಂದೊಂದಾಗಿ ಮಗುಚಬೇಕು. ಅತ್ತೆ ಡಿಕಾಕ್ಷನ್ ಇಳಿಸಿ ಹಾಲು ಕಾಯಿಸುವಷ್ಟರಲ್ಲಿ ಹೊಂಬಣ್ಣ ಬಂದಿರುತ್ತದೆ. ಮೇಲೆ ಉಪ್ಪು, ಚೂರು ಅಚ್ಚಖಾರದ ಪುಡಿ. ಬಾಣಲೆ ಇಡಬೇಕಿಲ್ಲ, ಕರಿದುಳಿದ ಎಣ್ಣೆಯನ್ನು ಏನು ಮಾಡುವುದೆಂಬ ಯೋಚನೆಯಿಲ್ಲ. 1500 ವ್ಯಾಟ್‌ನದು ಇಪ್ಪತ್ತು ನಿಮಿಷ ಓಡಿದರೂ ಅರ್ಧ ಯೂನಿಟ್ ಅಷ್ಟೇ.

ಇಷ್ಟು ಇಷ್ಟಪಟ್ಟವಳಿಗೆ ಸಿಟ್ಟು ಬರಿಸುವುದು ಬುಟ್ಟಿಯ ಗಾತ್ರ. ಡಬ್ಬದ ಮೇಲೆ ನಾಲ್ಕೈದು ಜನಕ್ಕೆ ಸಾಕು ಎಂದು ಅಚ್ಚು ಹಾಕಿದ್ದಾರೆ. ಸಾಲದು. ಬಿಸಿಗಾಳಿ ಪ್ರತಿ ಚೂರಿನ ಸುತ್ತಲೂ ಹರಿದಾಡಿದರೆ ಮಾತ್ರ ಗರಿ ಬರುತ್ತದೆ. ಬುಟ್ಟಿ ತುಂಬಿದರೆ ಒಳಗಿನ ನೀರು ಹಬೆಯಾಗಿ ಅಲ್ಲೇ ಸುತ್ತಿಕೊಂಡು ನಡುವಿನವು ಬೆಂದು ಮೆತ್ತಗಾಗುತ್ತವೆ. ಅರ್ಧ ಬುಟ್ಟಿಯಷ್ಟೇ ಹಾಕಬೇಕು, ಅಂದರೆ ಐದು ಜನಕ್ಕೆ ಎರಡು ಸರದಿ. ಎರಡನೆಯದು ಆಗುವಷ್ಟರಲ್ಲಿ ಮಳೆಗಾಲದ ತೇವಕ್ಕೆ ಮೊದಲಿನದು ಜೋತುಬಿದ್ದಿರುತ್ತದೆ. ಮಕ್ಕಳಿಗೆ ಮೊದಲು ಕೊಟ್ಟು, ಮಾವನವರು ಕಾಫಿ ಆರಿಸಿಕೊಂಡು ಕೂತಿರುವುದನ್ನು ನೋಡುವಾಗ ಆ ಅಚ್ಚು ಹಾಕಿದವರ ಮೇಲೆ ನಿಜವಾಗಿ ಕೋಪ ಬರುತ್ತದೆ.

ಈಗ ಎರಡೂ ಸರದಿಯನ್ನು ಪೂರ್ತಿ ಬಣ್ಣ ಬರುವ ತುಸು ಮೊದಲೇ ತೆಗೆದು, ಕೊನೆಗೆ ಎಲ್ಲವನ್ನೂ ಒಟ್ಟಿಗೆ ಸುರಿದು 200ರಲ್ಲಿ ಎರಡು ಮೂರು ನಿಮಿಷ ಓಡಿಸುತ್ತೇನೆ. ಆ ಹೊತ್ತಿಗೆ ಹೊರಮೈಯ ನೀರಿನಂಶ ಬಹುಪಾಲು ಹೋಗಿರುವುದರಿಂದ ತುಂಬಿದ ಬುಟ್ಟಿಯಲ್ಲೂ ಗರಿ ಕೆಡುವುದಿಲ್ಲ. ಎಲ್ಲರ ತಟ್ಟೆಗೂ ಒಮ್ಮೆಗೇ ಬಿಸಿ ಬೀಳುತ್ತದೆ.

'ಎಣ್ಣೆಯೇ ಬೇಡ' ಎಂಬ ಜಾಹೀರಾತನ್ನು ಮಾತ್ರ ಪೂರ್ತಿ ನಂಬಬೇಡಿ. ಫ್ರೋಜನ್ ಫ್ರೈಸನ್ನು ಕಾರ್ಖಾನೆಯಲ್ಲೇ ಎಣ್ಣೆಯಲ್ಲಿ ಅರೆಬರೆ ಕರಿದು ಹೆಪ್ಪುಗಟ್ಟಿಸಿರುತ್ತಾರೆ. ಪ್ಯಾಕೆಟ್ಟಿನ ಬೆನ್ನ ಮೇಲೆ ಆಲೂಗಡ್ಡೆಯ ಜೊತೆ ಎಣ್ಣೆಯ ಹೆಸರೂ ಇರುತ್ತದೆ. ಗರಿ ಬರುವುದು ಆ ಎಣ್ಣೆಯಿಂದ. ಹಾಸನದ ಹತ್ತಿರದ ಶಾಂತಿಗ್ರಾಮದ ಕಡೆ ನಮ್ಮಪ್ಪ ಈಗಲೂ ಒಂದಿಷ್ಟು ಜ್ಯೋತಿ ತಳಿಯ ಆಲೂಗಡ್ಡೆ ಹಾಕುತ್ತಾರೆ. ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಗೆಡ್ಡೆಯ ದರ ಏರಿ, ಅಂಗಮಾರಿ ರೋಗ ಕಾಟ ಕೊಟ್ಟು ಸುತ್ತಲಿನವರು ಮುಸುಕಿನ ಜೋಳ, ಶುಂಠಿಗೆ ಹೊರಳಿದರೂ ಅವರು ಬಿಟ್ಟಿಲ್ಲ. ಆ ಗೆಡ್ಡೆಯನ್ನು ಹೆಚ್ಚಿ ಎಣ್ಣೆ ಸವರದೆ ಹಾಗೇ ಹಾಕಿದರೆ ಹೊರಗೆ ತೊಗಲು, ಒಳಗೆ ಹಿಟ್ಟು. ಆಲೂಗಡ್ಡೆಯಲ್ಲಿ ನೂರಕ್ಕೆ ಹೆಚ್ಚುಕಡಿಮೆ 80 ಭಾಗ ನೀರೇ. ಹೆಚ್ಚಿದ ಚೂರುಗಳನ್ನು ಅರ್ಧ ಗಂಟೆ ನೀರಲ್ಲಿಟ್ಟು, ಬಟ್ಟೆಯಲ್ಲಿ ಚೆನ್ನಾಗಿ ಒತ್ತಿ ಒರೆಸಿ, ಒಂದು ಚಮಚ ಎಣ್ಣೆ ಸವರಿದರೆ ರುಚಿಯಲ್ಲಿ ಪ್ಯಾಕೆಟ್ಟಿನದನ್ನು ಮೀರಿಸುತ್ತದೆ, ಗರಿಯಲ್ಲಿ ಸ್ವಲ್ಪ ಹಿಂದೆ. ಫ್ರಿಜ್ಜಿನಲ್ಲಿಟ್ಟ ಗೆಡ್ಡೆ ಬೇಡ. ತಣ್ಣಗಿದ್ದರೆ ಪಿಷ್ಟ ಸಕ್ಕರೆಯಾಗಿ ಬೇಗ ಕಂದಾಗುತ್ತದೆ, ಹಾಗೆ ಕಂದಾದಷ್ಟೂ ಅಕ್ರಿಲಮೈಡ್ ಎಂಬ ಒಳ್ಳೆಯದಲ್ಲದ ರಾಸಾಯನಿಕ ಹೆಚ್ಚು. ಹೊಂಬಣ್ಣಕ್ಕೇ ತೆಗೆಯಿರಿ.

ಇಬ್ಬರು ಮೂವರ ಮನೆಯಾದರೆ ಈ ಅಳತೆಯದನ್ನು ಕಣ್ಣು ಮುಚ್ಚಿ ಕೊಳ್ಳಬಹುದು. ಐವರಿದ್ದರೆ ಇನ್ನಷ್ಟು ದುಡ್ಡು ಕೂಡಿಸಿ ಆರು ಲೀಟರ್ ಮೇಲ್ಪಟ್ಟದ್ದನ್ನೇ ನೋಡಿ, ಆಳಕ್ಕಿಂತ ಬುಟ್ಟಿಯ ತಳ ಅಗಲವಿರಲಿ.

ಪ್ಯಾಕೆಟ್ ಕೊಳ್ಳುವಾಗ ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ಅಲುಗಾಡಿಸಿ. ಚೂರುಗಳು ಬಿಡಿಬಿಡಿಯಾಗಿ ಉರುಳಿದರೆ ತನ್ನಿ. ಒಂದೇ ಗಟ್ಟಿಯಾಗಿದ್ದರೆ ಕರೆಂಟ್ ಹೋದಾಗ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದೇ ಲೆಕ್ಕ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.