ಸಾಯುತ್ತಿರುವ ನಾಯಕನಿಗೆ ಯಾವ ಕಾಯಿಲೆ ಕೊಡಬೇಕು?

ಕಥೆಯ ಎಳೆ ಇಷ್ಟು. ಇನ್ನೊಂದಿಪ್ಪತ್ತು ವರ್ಷದ ನಂತರದ ಬೆಂಗಳೂರು. 2025ರಲ್ಲಿ ಐದಾದ ಪಾಲಿಕೆ ಈಗ ಐವತ್ತಾಗಿದೆ, ಒಂದೊಂದಕ್ಕೂ ಬೇರೆ ನೀರಿನ ಪರ್ಮಿಟ್ಟು. ಸಾವು ಖಚಿತವಾದ ಮನುಷ್ಯನೊಬ್ಬ ಮೂವರ ಮೇಲೆ ಸೇಡು ತೀರಿಸಿಕೊಳ್ಳಲು ಹೊರಡುತ್ತಾನೆ: ಟ್ಯಾಂಕರ್ ಮಾಲೀಕ, ಸಹಿ ಹಾಕಬೇಕಾದ ಅಧಿಕಾರಿ, ನಾಗರಿಕರಿಗೆ ಅಂಕ ಕೊಡುವ ಆ್ಯಪಿನ ಒಡೆಯ. ಇದೇ ಕಥೆಗೆ ರೇಬೀಸ್, ಕ್ಯಾನ್ಸರ್, ಕಿಡ್ನಿ ವೈಫಲ್ಯ ಮೂರನ್ನೂ ಹಾಕಿ ಚಿತ್ರಕಥೆ ಬರೆದು ನೋಡಿದ್ದೇವೆ. ಊರು ಅದೇ, ಖಳರು ಅವರೇ. ಕಾಯಿಲೆ ಬದಲಾದರೆ ಮಾತ್ರ ಸಿನಿಮಾವೇ ಬೇರೆಯಾಗುತ್ತದೆ.

ರೇಬೀಸ್ ಮೊದಲ ನೋಟಕ್ಕೆ ಬಂಗಾರ. ನೀರಿಲ್ಲದ ಊರಲ್ಲಿ ನೀರು ಕಂಡರೆ ಹೆದರುವ ನಾಯಕ! ಆದರೆ ಬರೆಯಲು ಕೂತಾಗ ಗಡಿಯಾರ ಕೈಕೊಡುತ್ತದೆ. ನಾಯಿ ಕಚ್ಚಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಅಲ್ಲಿಯವರೆಗೆ ಅವನು ಸಾಯುತ್ತಿದ್ದಾನೆಂದು ಅವನಿಗೇ ಗೊತ್ತಿಲ್ಲ. ಲಕ್ಷಣ ಶುರುವಾದರೆ ಹೆಚ್ಚಿನವರಿಗೆ ಉಳಿಯುವುದು ಒಂದು ವಾರ, ಹತ್ತು ದಿನ. ಗಂಟಲು ಹಿಡಿದುಕೊಳ್ಳುವವನ ಬಾಯಲ್ಲಿ ವ್ಯಂಗ್ಯದ ಸಂಭಾಷಣೆ ಹೇಳಿಸುವುದು ಹೇಗೆ? ಜೊತೆಗೆ ಪ್ರೇಕ್ಷಕ ಕೇಳಿಯೇ ಕೇಳುತ್ತಾನೆ: ಇಂಜೆಕ್ಷನ್ ಯಾಕೆ ಹಾಕಿಸಿಕೊಳ್ಳಲಿಲ್ಲ? 0, 3, 7, 28ನೇ ದಿನಗಳ ಲಸಿಕೆ ತಪ್ಪಿದ್ದು ಹೇಗೆಂದು ವಿವರಿಸುವಷ್ಟರಲ್ಲಿ ಎಂಟು ಪುಟ ಖರ್ಚು. ಕೊನೆಗೆ ಅಧಿಕಾರಿಯನ್ನು ಕಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. ಬಿಡಿ. ಮನುಷ್ಯ ಕಚ್ಚಿ ರೇಬೀಸ್ ಹರಡುವುದು ಬಲು ಅಪರೂಪ, ಹರಡಿದರೂ ಪರಿಣಾಮ ಕಾಣಲು ಮತ್ತೆ ತಿಂಗಳುಗಳು. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ತಪ್ಪೆಲ್ಲ ನಾಯಿಯ ಮೇಲೆ ಬೀಳುತ್ತದೆ, ಅಧಿಕಾರಿ ಬಚಾವಾಗುತ್ತಾನೆ.

ಕ್ಯಾನ್ಸರ್ ಕರಡಿನಲ್ಲಿ ಒಂದು ಅಪ್ಪಟ ವಿಡಂಬನೆ ಸಿಕ್ಕಿತು. ಕರುಳಿನ ಕ್ಯಾನ್ಸರಿಗೆ ಕೊಡುವ ಕ್ಯಾಪೆಸಿಟಾಬೀನ್ ಮಾತ್ರೆ ಸಾಮಾನ್ಯವಾಗಿ 14 ದಿನ ನುಂಗಿ 7 ದಿನ ಬಿಡುವಂಥದ್ದು. ಕೆಲವರಿಗೆ ಅದರಿಂದ ಅಂಗೈ ಕೆಂಪಾಗಿ ಚರ್ಮ ಸುಲಿದು ಬೆರಳಚ್ಚೇ ಅಳಿಸಿಹೋಗುತ್ತದೆ. ಕೊಲೆ ನಡೆದ ಜಾಗದಲ್ಲಿ ಅವನ ಗುರುತೇ ಸಿಗುವುದಿಲ್ಲ. ಅದೇ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಇಟ್ಟರೆ ಅಕ್ಕಿಯೂ ಸಿಗುವುದಿಲ್ಲ. ಈ ದೃಶ್ಯಕ್ಕೆ ಕಣ್ಣಿನ ಸ್ಕ್ಯಾನರ್ ಮತ್ತು ಒಟಿಪಿ ಎರಡೂ ಕೆಟ್ಟಿವೆ ಎಂದು ಮೊದಲೇ ತೋರಿಸಿಡಿ, ಇಲ್ಲದಿದ್ದರೆ ತೂತು. ಪಾದವೂ ಉರಿಯುವುದರಿಂದ ಬೆನ್ನಟ್ಟುವ ದೃಶ್ಯಗಳನ್ನು ಆಟೊದಲ್ಲೇ ಮುಗಿಸಬೇಕು. ಆದರೆ ‘ಆರು ತಿಂಗಳು’ ಎಂಬುದು ಗಡುವೇ ಅಲ್ಲ. ವೈದ್ಯರು ಹೇಳುವುದು ಅಂದಾಜು, ತಾರೀಖಲ್ಲ. ಇಂಟರ್ವಲ್ ನಂತರ ಬಿಗಿ ಸಡಿಲವಾಯಿತು. ಕಿದ್ವಾಯಿ ಆಸ್ಪತ್ರೆಯ ಕಾರಿಡಾರು ಒಮ್ಮೆ ತೆರೆಯ ಮೇಲೆ ಬಂದರೆ ಮುಂದಿನ ಇಪ್ಪತ್ತು ನಿಮಿಷ ಯಾರೂ ನಗುವುದಿಲ್ಲ.

ಗೆದ್ದದ್ದು ಕಿಡ್ನಿ ವೈಫಲ್ಯ, ಅಂದರೆ ಯಂತ್ರದಿಂದ ರಕ್ತ ಶುದ್ಧಿ ಮಾಡಿಸುವ ಡಯಾಲಿಸಿಸ್. ಕಾರಣ, ಇಲ್ಲಿ ನಾಯಕನ ಜೀವದ ಹಗ್ಗ ಶತ್ರುವಿನ ಕೈಯಲ್ಲೇ ಇದೆ. ಯಂತ್ರದಲ್ಲಿ ನಿಮಿಷಕ್ಕೆ 500 ಮಿಲಿಲೀಟರ್ ದ್ರಾವಣ ಹರಿದರೆ ನಾಲ್ಕು ಗಂಟೆಗೆ 120 ಲೀಟರ್ ಶುದ್ಧ ನೀರು ಬೇಕು. 6,000 ಲೀಟರಿನ ಟ್ಯಾಂಕರಿನಲ್ಲಿ, ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 50 ಸರದಿಗಿಂತ ಹೆಚ್ಚು ಆಗದು. ಟ್ಯಾಂಕರ್ ಮಾಲೀಕನನ್ನು ಮುಗಿಸಿದರೆ ತನ್ನ ವಾರ್ಡಿನ ಯಂತ್ರಗಳೂ ನಿಲ್ಲುತ್ತವೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದ ಊರಿದು. ಕಲ್ಪನೆಯನ್ನು ಬಹಳ ದೂರ ಎಳೆಯಬೇಕಿಲ್ಲ.

ವೇಳಾಪಟ್ಟಿಯೇ ಚಿತ್ರಕಥೆ. ನಾಯಕನಿಗೆ ಸೋಮ, ಬುಧ, ಶುಕ್ರ ಕೊಡಿ. ಡಯಾಲಿಸಿಸ್ ಆದ ಸಂಜೆ ಅವನು ಹಿಂಡಿದ ಬಟ್ಟೆ, ಮಾರನೆಯ ದಿನ ಓಡಾಡಬಲ್ಲ. ಹಾಗಾಗಿ ಮಂಗಳವಾರ, ಗುರುವಾರ ಸೇಡಿನ ದಿನ. ಶನಿವಾರ ಶಕ್ತಿ ಇದ್ದರೂ ಎರಡನೇ, ನಾಲ್ಕನೇ ಶನಿವಾರ ಕಚೇರಿಗೆ ಬೀಗ. ಭಾನುವಾರ ರಾತ್ರಿಗೆ ಎರಡು ದಿನದ ನೀರು ಮೈಯಲ್ಲಿ ಸೇರಿ ಮಲಗಿದರೆ ಉಸಿರು ಕಟ್ಟುತ್ತದೆ. ಈ ಉದ್ದದ ಬಿಡುವೇ ರೋಗಿಗಳಿಗೆ ಅತಿ ಅಪಾಯದ ಹೊತ್ತು. ಶತ್ರು ಮಂಗಳವಾರ ‘ಸರ್ವರ್ ಡೌನ್, ನಾಳೆ ಬನ್ನಿ’ ಎಂದರೆ ಸಾಕು, ಮರಣದಂಡನೆ. ದೆವ್ವ ಓಡಿಸಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಆಯುಧಗಳೂ ತಾವಾಗಿ ಬರುತ್ತವೆ. ‘ಬಿಸಿಲಲ್ಲಿ ಬಂದಿದ್ದೀರ, ಎಳನೀರು ತಗೊಳ್ಳಿ ಸಾರ್’ ಎಂಬ ಉಪಚಾರ ಸಾಕು: ಎಳನೀರಿನ ಪೊಟ್ಯಾಸಿಯಂ ಹೊರಹಾಕಲು ಅವನಿಗೆ ಕಿಡ್ನಿ ಇಲ್ಲ, ಹೃದಯದ ಬಡಿತವೇ ತಪ್ಪಬಹುದು. ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳ) ಇರುವ ಕೈಯನ್ನು ಪೊಲೀಸ್ ತಿರುಚುವ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಬೇಡ. ಆ ಕೈಗೆ ಬಿಪಿ ಪಟ್ಟಿಯನ್ನೂ ಕಟ್ಟುವುದಿಲ್ಲ ಎಂದು ನರ್ಸ್ ಮೊದಲೇ ಹೇಳಿರಲಿ. ಕರೆಂಟು ಹೋಗಿ ಬ್ಯಾಟರಿಯೂ ಸತ್ತಾಗ ಪಂಪನ್ನು ಹಿಡಿಕೆಯಿಂದ ಕೈಯಲ್ಲೇ ತಿರುಗಿಸಿ ರಕ್ತವನ್ನು ಮೈಗೆ ವಾಪಸು ಕಳಿಸುತ್ತಾರೆ. ಆ ಹಿಡಿಕೆ ಶತ್ರುವಿನ ಕೈಗೆ ಬರುವಂತೆ ಬರೆದದ್ದೇ ನಮ್ಮ ಮೂರೂ ಕರಡುಗಳಲ್ಲಿ ಅತ್ಯುತ್ತಮ ದೃಶ್ಯ.

ಎಡವುವ ಜಾಗವೂ ಇದೆ. ಕೋಣೆಯಲ್ಲಿ ಒಬ್ಬನೇ ರೋಗಿಯನ್ನು ಮಲಗಿಸಬೇಡಿ. ಸಾಲು ಮಂಚ, ಪಕ್ಕದವರ ಹರಟೆ, ತೂಕದ ಯಂತ್ರದ ಮುಂದಿನ ಕ್ಯೂ ಬೇಕೇ ಬೇಕು, ನಗು ಹುಟ್ಟುವುದೇ ಅಲ್ಲಿ. ಒಂದು ಸರದಿ ತಪ್ಪಿದ ಕೂಡಲೇ ಅವನನ್ನು ಸಾಯಿಸಬೇಡಿ. ಪೂರ್ತಿ ನಿಲ್ಲಿಸಿದರೂ ಮೂತ್ರ ಬಾರದವರಿಗೆ ಸಾಮಾನ್ಯವಾಗಿ ಒಂದೆರಡು ವಾರವಿರುತ್ತದೆ, ಕ್ಲೈಮ್ಯಾಕ್ಸಿಗೆ ಅಷ್ಟು ಸಾಕು. ಸಕಾಲ ಕಾಯ್ದೆಯಲ್ಲಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ನೀರಿನ ಪರ್ಮಿಟ್ಟು ಹದಿನಾಲ್ಕು ದಿನ ತಡವಾದದ್ದಕ್ಕೆ 280 ರೂಪಾಯಿ ಮಂಜೂರಾಗಿದೆ, ಆದರೆ ಅರ್ಜಿದಾರರೇ ಖುದ್ದಾಗಿ ಬಂದು ಬೆರಳಚ್ಚು ಕೊಡಬೇಕು ಎಂದು ಕ್ಲರ್ಕ್ ಬಾಯಲ್ಲಿ ಹೇಳಿಸಿ, ಅಲ್ಲಿಗೇ ಕಟ್ ಮಾಡಿ.