ಬ್ಲೇಡ್ ರನ್ನರ್ ಸಂಗೀತ: ಮೂರು ಆಲ್ಬಮ್‌ಗಳಲ್ಲಿ ಯಾವುದನ್ನು ಕೊಳ್ಳಬೇಕು?

1982ರಲ್ಲಿ ‘ಬ್ಲೇಡ್ ರನ್ನರ್’ ಚಿತ್ರದ ಹೆಸರಿನಲ್ಲಿ ಹೊರಬಂದ ಆಲ್ಬಮ್‌ನಲ್ಲಿ, ಚಿತ್ರಕ್ಕೆ ಸಂಗೀತ ಕೊಟ್ಟ ವಾಂಗೆಲಿಸ್ ತಾವೇ ನುಡಿಸಿದ್ದು ಏನೂ ಇಲ್ಲ. ಅವರ ರಚನೆಗಳನ್ನು ನ್ಯೂ ಅಮೆರಿಕನ್ ಆರ್ಕೆಸ್ಟ್ರಾ ಮತ್ತೆ ನುಡಿಸಿದ ಧ್ವನಿಮುದ್ರಣವದು. ಚಿತ್ರದಲ್ಲಿ ಕೇಳುವ ಸಿಂಥಸೈಸರ್‌ನ (ವಿದ್ಯುನ್ಮಾನ ವಾದ್ಯದ) ಮಂಜು ಮುಸುಕಿದ ನಾದವನ್ನು ಅರಸುವವರು ಇದನ್ನು ಬಿಟ್ಟುಬಿಡಬಹುದು.

ಆ ನಾದ ಅಧಿಕೃತವಾಗಿ ಒಂದು ಆಲ್ಬಮ್ಮಾಗಿ ಕೇಳುಗರ ಕೈ ಸೇರಲು 12 ವರ್ಷ ಬೇಕಾಯಿತು. 1994ರ ಆಲ್ಬಮ್ಮನ್ನು ಕತ್ತಲಲ್ಲಿ, ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಕೇಳಬೇಕು. ಚಿತ್ರದ ಸಂಭಾಷಣೆಯ ತುಣುಕುಗಳು ಸಂಗೀತದೊಳಗೇ ಹೆಣೆದುಕೊಂಡಿವೆ. ಕೊನೆಗೆ ಚಿತ್ರದ ನಟ ರಟ್ಗರ್ ಹೌವರ್ ಅವರ ಸ್ವಗತ ಬಂದಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ. ಪ್ರೇಮದ ರಾಗದಲ್ಲಿ ಡಿಕ್ ಮಾರಿಸ್ಸಿಯವರ ಸ್ಯಾಕ್ಸೊಫೋನ್ ಅಳುವಿಗೂ ಸಾಂತ್ವನಕ್ಕೂ ನಡುವೆ ತೇಲುತ್ತದೆ. ಆದರೆ ಸಂಗೀತದ ಮೇಲೆ ಮಾತು ಬೀಳುವುದನ್ನು ಸಹಿಸದವರಿಗೆ ಇದು ಕಿರಿಕಿರಿಯಾಗಬಹುದು. ಚಿತ್ರದ ಎಲ್ಲ ಸಂಗೀತವೂ ಇದರಲ್ಲಿಲ್ಲ.

2007ರಲ್ಲಿ, ಚಿತ್ರಕ್ಕೆ 25 ವರ್ಷ ತುಂಬಿದಾಗ, ಮೂರು ಸಿಡಿಗಳ ಸಂಪುಟ ಬಂತು. ಮೊದಲನೆಯದು 1994ರ ಆಲ್ಬಮ್ಮೇ. ಎರಡನೆಯದರಲ್ಲಿ ಅದುವರೆಗೆ ಬಿಡುಗಡೆಯಾಗದ ಸಂಗೀತವಿದೆ. ಈ ಸಂಪುಟಕ್ಕೆ ಹಣ ಕೊಡುವುದಾದರೆ ಅದಕ್ಕಾಗಿಯೇ ಕೊಡಿ. ಮೂರನೆಯದು ಚಿತ್ರದ ಸ್ಫೂರ್ತಿಯಿಂದ ಹುಟ್ಟಿದ ಹೊಸ ರಚನೆಗಳು, ನನ್ನನ್ನು ಅಷ್ಟಾಗಿ ತಟ್ಟಲಿಲ್ಲ.

ಮೊದಲ ಸಲ ಕೇಳುವವರು 1994ರದ್ದನ್ನೇ ತೆಗೆದುಕೊಳ್ಳಿ. ಚಿತ್ರವನ್ನು ದೃಶ್ಯ ದೃಶ್ಯವಾಗಿ ಬಲ್ಲವರಿಗೆ 2007ರ ಸಂಪುಟವೇ ಬೇಕು.